ತೊಗಲು ಜಿಂಕೆಯ ನೆಗೆತ

ಗೊಂಬೆಯಾಟದ ಕೆಂಚವ್ವನ ಪೆಟ್ಟಿಗೆಯಿಂದ ಬಹುಕಾಲಕ್ಕೆ ಹೊರಬಂದ ತೊಗಲು ಜಿಂಕೆಗೆ ಹಳೆಯ ಬಯಲೂ ಕಾಣಲಿಲ್ಲ, ಕಿಕ್ಕಿರಿದ ಜನವೂ ಕಾಣಲಿಲ್ಲ. ಅದರ ಬೆನ್ನಿಗೆ ಎಣ್ಣೆದೀಪ, ಎದುರಿಗೆ ಬಿಳಿ ಪರದೆ, ಪರದೆಯಾಚೆ ಒಂದೇ ಒಂದು ಮೊಬೈಲು.

"ಜನ ಎಲ್ಲಪ್ಪಾ?" ಎಂದಿತು ಜಿಂಕೆ.

"ನನ್ನೊಳಗೇ ಇದ್ದಾರೆ. ಊರೂರಿನ ಶಾಲೆಗಳ ಮಕ್ಕಳು ನಿನ್ನನ್ನು ನೋಡಲು ಕಾದು ಕೂತಿದ್ದಾರೆ," ಎಂದು ಬೀಗಿದ ಮೊಬೈಲು, ಜಿಂಕೆ ಚೆನ್ನಾಗಿ ಕಾಣಲೆಂದು ತನ್ನ ಟಾರ್ಚನ್ನು ಪರದೆಯ ಮೇಲೆ ಬಿಟ್ಟಿತು. ಪರದೆ ಬೆಳ್ಳಗಾಯಿತು, ಜಿಂಕೆಯ ನೆರಳು ಅಳಿಸಿಹೋಯಿತು.

"ಅರೆ! ಇಷ್ಟು ಬೆಳಕು ಕೊಟ್ಟರೂ ನೀನು ಕಾಣುತ್ತಿಲ್ಲವಲ್ಲ!"

ಜಿಂಕೆ ನಿಟ್ಟುಸಿರುಬಿಟ್ಟಿತು. "ಹಿಂದೆ ಆಟಕ್ಕೆ ತಡವಾಗಿ ಬಂದವರು ಲಾಟೀನು ಎತ್ತಿ ಹಿಡಿದರೆ, 'ಬೆಳಕು ಮರೆಮಾಡ್ರೋ!' ಎಂದು ಇಡೀ ಬಯಲೇ ಕೂಗುತ್ತಿತ್ತು. ಆ ಕೂಗು ಕೇಳಿದರೆ ಸಾಕು, ನನ್ನ ಕಾಲು ತಾನಾಗಿ ನೆಗೆಯುತ್ತಿತ್ತು. ಈಗ ಹಾಗೆ ಕೂಗುವವರು ಯಾರಿದ್ದಾರೆ?"

ಅಷ್ಟರಲ್ಲಿ ಮೊಬೈಲಿನೊಳಗಿಂದ, ಎಲ್ಲೆಲ್ಲಿಯದೋ ತರಗತಿಗಳಿಂದ, ಮಕ್ಕಳ ದನಿ ಒಟ್ಟಿಗೇ ಎದ್ದಿತು: "ಆ ಲೈಟು ಆರಿಸ್ರೋ! ಏನೂ ಕಾಣ್ತಿಲ್ಲ!"

ಮೊಬೈಲು ನಾಚಿ ಟಾರ್ಚು ಆರಿಸಿತು.

ಕೆಂಚವ್ವ ಕಡ್ಡಿ ಅಲುಗಿಸುವ ಮೊದಲೇ ಜಿಂಕೆ ನೆಗೆದಿತ್ತು.