ಬಾಡದ ಮೆಣಸಿನ ಗಿಡ

"ಗುರುಗಳೇ, ಉಪಕಾರ ಮಾಡಿದವನ ಮೇಲೆ ಸಿಟ್ಟಾಗುವುದು ತಪ್ಪಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುವಿಗೆ ಆ ಪ್ರಶ್ನೆ ಕೇಳಿಯೇ ಸಿಟ್ಟು ಬಂತು. "ಯಾವ ಉಪಕಾರವಯ್ಯಾ? ಉಪಕಾರ ಅಂದುಬಿಟ್ಟರೆ ಮುಗಿಯಿತೇ? ಕೂತುಕೋ, ಹೇಳುತ್ತೇನೆ."

ಒಬ್ಬ ವರ್ತಕನಿದ್ದ. ಅವನ ಹೆಸರು ನಾನು ಹೇಳಬೇಕಾಗಿಲ್ಲ, ತೋಟದ ಬಾಗಿಲ ಮೇಲೆ ಅವನೇ ಕೆತ್ತಿಸಿಕೊಂಡಿದ್ದ. ಮಣ್ಣಿನಲ್ಲಿ ಕೈಯಾಡಿಸಿದರೆ ಕುಗ್ಗಿದ ಮನಸ್ಸು ಚೇತರಿಸಿಕೊಳ್ಳುತ್ತದೆ ಎಂದು ವೈದ್ಯನೊಬ್ಬ ಅವನಿಗೆ ಹೇಳಿದ್ದ. ಅದಕ್ಕೇ ಅಂಗವಿಕಲರಿಗಾಗಿ ಒಂದು ತೋಟ ಮಾಡಿಸಿದ. ಕಾಲಿಲ್ಲದವರು ಕೂತಲ್ಲಿಂದಲೇ ನೆಡಲಿ ಎಂದು ಮಡಿಗಳನ್ನು ಕಲ್ಲು ಕಟ್ಟಿ ಎತ್ತರಿಸಿದ. ಕಣ್ಣಿಲ್ಲದವರು ಹಿಡಿದು ನಡೆಯಲಿ ಎಂದು ದಾರಿಯುದ್ದಕ್ಕೂ ಹಗ್ಗ ಕಟ್ಟಿಸಿದ. ಅಲ್ಲಿಯವರೆಗೆ ಮಾಡಿದ್ದೆಲ್ಲ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ.

ಹುಟ್ಟಿನಿಂದ ಕಣ್ಣು ಕಾಣದ ಸಣ್ಣೀರಯ್ಯ ಎಂಬವನು ಆ ತೋಟಕ್ಕೆ ಬಂದ. ಅವನು ತಂಗಿಯ ಮನೆಯಲ್ಲಿ ಇದ್ದವನು. ಭಾವಮೈದುನ ಪ್ರತಿ ತುತ್ತಿಗೂ ಒಂದು ಮಾತು ಎತ್ತಿ ಆಡುತ್ತಿದ್ದ. ಹೇಗಾದರೂ ಈ ಹಂಗು ತಪ್ಪಲಿ ಎಂದು ಸಣ್ಣೀರಯ್ಯ ದಿನವೂ ಬೇಯುತ್ತಿದ್ದ. ಆ ತೋಟದಲ್ಲಿ ಅವನಿಗೊಂದು ಮಡಿ ಸಿಕ್ಕಿತು. ಮೆಣಸಿನ ಸಸಿ ನೆಟ್ಟ. ನೆಟ್ಟ ಖುಷಿಗೆ ಕೊಡಗಟ್ಟಲೆ ನೀರು ಸುರಿದ. ಬೇರು ಕೊಳೆತು ಸಸಿ ಜೋತುಬಿತ್ತು.

ಆಗ ಆ ವರ್ತಕ ಏನು ಮಾಡಿದ ಗೊತ್ತೇ? ಆಳುಗಳನ್ನು ಕರೆದು, "ಪಾಪ, ಅವನಿಗೆ ಇರುವ ದುಃಖವೇ ಸಾಕು. ಅವನು ಬರುವುದರೊಳಗೆ ಬೇರೆ ನೆಟ್ಟುಬಿಡಿ" ಎಂದ. ಅವರು ನೆಟ್ಟರು. ಮತ್ತೆ ಕೊಳೆಯಿತು, ಮತ್ತೆ ನೆಟ್ಟರು. ಅದೇ ಆ ತೋಟದ ಪದ್ಧತಿಯಾಯಿತು. ಅಂಗವಿಕಲರ ಮಡಿಯಲ್ಲಿ ಒಂದು ಗಿಡವೂ ಸಾಯಕೂಡದು!

ಸಂಜೆ ಜೋತುಬಿದ್ದ ಎಲೆ ಬೆಳಿಗ್ಗೆ ಸೆಟೆದು ನಿಂತದ್ದು ಅವನಿಗೆ ತಿಳಿಯಲಿಲ್ಲವೇ ಎಂದು ಕೇಳಬೇಡ. ಮುಟ್ಟಿದಾಗ ತಿಳಿಯಿತು. "ನಿನ್ನ ಕೈಗುಣ ಕಣಪ್ಪಾ" ಎಂದು ಸುತ್ತಲಿದ್ದವರೆಲ್ಲ ಬೆನ್ನು ತಟ್ಟಿದರು. ಅವನೂ ನಂಬಿದ. ಯಾರಾದರೂ ನಂಬುತ್ತಾರೆ.

ತಂಗಿಯ ಹಿತ್ತಲಲ್ಲಿ ನಾಲ್ಕು ಜನಕ್ಕಾಗುವಷ್ಟು ಸೊಪ್ಪು ಬೆಳೆಯುತ್ತಿತ್ತು. "ಅದನ್ನು ಕಿತ್ತು ನನಗೆ ಬಿಡು ತಾಯಿ. ಮೆಣಸಿನ ಗಿಡ ಬೆಳೆಸಿ ಸಂತೆಗೆ ಹಾಕುತ್ತೇನೆ" ಎಂದು ತಂಗಿಯನ್ನು ಬೇಡಿಕೊಂಡ. ಗಂಡನ ಕೈಯಲ್ಲಿ ಬೈಸಿಕೊಂಡು ಅವಳು ಬಿಟ್ಟುಕೊಟ್ಟಳು. ತೋಟದಲ್ಲಿ ಕಲಿತಂತೆಯೇ ನೆಟ್ಟ, ಕಲಿತಂತೆಯೇ ನೀರು ಸುರಿದ. ಹಿತ್ತಲು ಪೂರ್ತಿ ಕೊಳೆತುಹೋಯಿತು. ಸೊಪ್ಪೂ ಇಲ್ಲ, ಮೆಣಸೂ ಇಲ್ಲ. "ನಿನ್ನದು ಹಾಳು ಕೈ. ನನ್ನ ಹೊಸಿಲು ಇಳಿ" ಎಂದ ಭಾವಮೈದುನ.

ಸಣ್ಣೀರಯ್ಯ ಹಗ್ಗ ಹಿಡಿದುಕೊಂಡು ತೋಟಕ್ಕೆ ಬಂದು, ತನ್ನ ಕೈಗೆ ಏನಾಯಿತು ಎಂದು ಆಳೊಬ್ಬನನ್ನು ಕೇಳಿದ. ಆಳು ಸಮಾಧಾನ ಹೇಳುವ ಭರದಲ್ಲಿ ಎಲ್ಲ ಬಾಯಿಬಿಟ್ಟ. "ನಿನ್ನ ಕೈಗೆ ಏನೂ ಆಗಿಲ್ಲ ಬಿಡಣ್ಣಾ, ಇಲ್ಲಿಯೂ ಕೊಳೆಯುತ್ತಲೇ ಇತ್ತು. ನಾವು ಬದಲಾಯಿಸುತ್ತಿದ್ದೆವು."

ಅವನು ಸೀದಾ ವರ್ತಕನ ಮುಂದೆ ಹೋಗಿ ನಿಂತ. ಸತ್ತ ಗಿಡಗಳನ್ನು ನನ್ನಿಂದ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದ.

"ನಿನಗೆ ನೋವಾಗಬಾರದು ಅಂತ ಮಾಡಿದೆನಪ್ಪಾ" ಎಂದ ವರ್ತಕ.

"ಮೊದಲನೇ ಗಿಡ ಸತ್ತ ದಿನ ಅದನ್ನು ನನ್ನ ಕೈಗೆ ಕೊಡಬೇಕಿತ್ತು ಧಣಿ. ಬೇರು ಮುಟ್ಟಿದ್ದರೆ ಅಂದೇ ತಿಳಿಯುತ್ತಿತ್ತು. ನಾನು ನನ್ನ ಕಾಲ ಮೇಲೆ ನಿಂತದ್ದೇ ಆ ಮಡಿಯ ಮುಂದೆ ಎಂದುಕೊಂಡಿದ್ದೆ. ನನಗೆ ಬೆರಳು ಇರಲಿಲ್ಲವೇ? ಬುದ್ಧಿ ಇರಲಿಲ್ಲವೇ? ನಿಮ್ಮ ಆಟಕ್ಕೆ ನಾನೇ ಬೇಕಿತ್ತೇ?"

ಹಾಗೆಂದು ಹೊರಟುಹೋದ. ಎಲ್ಲಿಗೆ ಹೋದನೋ, ವರ್ತಕ ಹುಡುಕಿಸಲಿಲ್ಲ. ಆ ಮಡಿಯಲ್ಲಿ ಮೆಣಸಿನ ಗಿಡಗಳು ಮಾತ್ರ ಹಸಿರಾಗಿಯೇ ಇದ್ದವು. ಬಂದವರಿಗೆಲ್ಲ ಅವನ್ನು ತೋರಿಸಿ, "ಎಷ್ಟು ಮಾಡಿದರೂ ಉಪಕಾರಸ್ಮರಣೆ ಇಲ್ಲ ನೋಡಿ ಈ ಜನಕ್ಕೆ" ಎನ್ನುತ್ತಿದ್ದ ಆ ಮಹಾನುಭಾವ.

ಗುರು ಮಾತು ನಿಲ್ಲಿಸಿದ. ಶಿಷ್ಯ ತಲೆ ಕೆರೆದುಕೊಂಡ. "ಆದರೂ ಗುರುಗಳೇ, ಪಾಪ, ಹುಟ್ಟುಕುರುಡ ಎಂಬ ಕನಿಕರದಿಂದ ತಾನೇ ಆ ವರ್ತಕ ಹಾಗೆ ಮಾಡಿದ್ದು?"

"ಹುಟ್ಟುವಾಗ ಅವನಿಗೆ ಕಣ್ಣು ಮಾತ್ರ ಇರಲಿಲ್ಲ ಕಣಯ್ಯಾ, ಅವನನ್ನು ಕುರುಡನನ್ನಾಗಿ ಮಾಡಿದ್ದು ಆ ಕನಿಕರ."