ಬೋರಜ್ಜ ಮರೆತ ಕತೆ

ಮಕ್ಕಳೇ, ತೇಗದ ಮರಗಳ ಒಂದು ಕಾಡಿತ್ತು. ಕಾಡಿನ ನಡುವೆ ತಾವರೆ ತುಂಬಿದ ಕೊಳ. ಆ ಕೊಳದ ದಂಡೆಯಲ್ಲಿ ಬೋರಜ್ಜ ಎಂಬ ಮುದಿ ಕರಡಿ ವಾಸವಾಗಿದ್ದ.

ಹೊತ್ತು ಇಳಿಯುತ್ತಲೇ ಕಡವೆ, ಜಿಂಕೆ, ಮುಳ್ಳುಹಂದಿ, ನವಿಲು ಎಲ್ಲರೂ ಕೊಳದ ಬಳಿ ಸೇರುತ್ತಿದ್ದರು. ಆಮೆ ನೀರಿನಿಂದಲೇ ಕತ್ತು ಚಾಚುತ್ತಿತ್ತು. ಬೋರಜ್ಜ ಕತೆ ಹೇಳುತ್ತಿದ್ದ. ಅದರಲ್ಲೂ ಆನೆಮರಿಯ ಕತೆ ಎಂದರೆ ಎಲ್ಲರಿಗೂ ಪ್ರಾಣ. ನೀರು ಹುಡುಕಿಕೊಂಡು ಹೊರಟ ಆನೆಗಳ ಹಿಂಡು, ದಾರಿಯಲ್ಲಿ ಹುಲಿಯೊಡನೆ ಕಾದಾಟ, ತಾಯಾನೆಯ ಸಾವು, ಆಮೇಲೆ ಮರಿ ತಾಯಿಯಿಲ್ಲದೆ ಬದುಕಲು ಕಲಿತದ್ದು. ಹುಲಿ ಬಂದಾಗ ಬೋರಜ್ಜ ಎರಡು ಕಾಲ ಮೇಲೆದ್ದು ಗರ್ಜಿಸುತ್ತಿದ್ದ. ತಾಯಿ ಸತ್ತಾಗ ಅವನ ದನಿ ಎಷ್ಟು ಇಳಿಯುತ್ತಿತ್ತೆಂದರೆ, ಹಿಂದೆ ಕೂತವರು ಮುಂದಕ್ಕೆ ಸರಿದು ಬರುತ್ತಿದ್ದರು. ಎಲ್ಲರೂ ಅಳುತ್ತಿದ್ದರು. ಅತ್ತು ಮನೆಗೆ ಹೋಗುವಾಗ ಎದೆ ಹಗುರಾಗಿರುತ್ತಿತ್ತು.

ಒಮ್ಮೆ ಕಾಡು ನೋಡಲು ಬಂದವರು ಒಂದು ಮೊಬೈಲು ಮರೆತು ಹೋದರು. ಬಿಸಿಲಿಗಿಟ್ಟು ಅದನ್ನು ಚಾರ್ಜ್ ಮಾಡುವ ಪುಟ್ಟ ಹಲಗೆಯೂ ಜೊತೆಗಿತ್ತು. ಅದು ಕೆಂಚನೆಂಬ ಮಂಗನ ಕೈಗೆ ಸಿಕ್ಕಿತು. ಕೆಂಚ ಕೆಟ್ಟವನಲ್ಲ. ಹೊಸದೇನಾದರೂ ಕಂಡರೆ ಸುಮ್ಮನಿರಲಾರ, ಅಷ್ಟೆ.

"ಅಜ್ಜ, ನೀನು ಕತೆ ಹೇಳೋದನ್ನ ಇದರಲ್ಲಿ ವಿಡಿಯೋ ಮಾಡ್ತೀನಿ. ಗುಡ್ಡದಾಚೆಯ ಕಾಡಿನವರೂ ನೋಡ್ತಾರೆ!" ಎಂದ.

"ನನ್ನನ್ನ ಯಾರಪ್ಪ ನೋಡ್ತಾರೆ?" ಎಂದು ಬೋರಜ್ಜ ನಾಚಿಕೊಂಡ. ಆದರೂ ಮೈಮೇಲಿನ ಧೂಳು ಕೊಡವಿಕೊಂಡು ಕೂತ.

ವಿಡಿಯೋ ಹೋಯಿತು. ಗುಡ್ಡದಾಚೆಯಿಂದ ಒಂದಷ್ಟು ಲೈಕು ಬಂದವು. ಪರದೆಯ ಮೇಲೆ ಕೆಂಪು ಹೃದಯಗಳು ಮೂಡಿದ್ದನ್ನು ಕಂಡು ಬೋರಜ್ಜನಿಗೆ ಆ ದಿನ ಊಟವೇ ಬೇಡವೆನಿಸಿತು.

"ಇನ್ನೂ ಬರುತ್ತಾ?" ಎಂದು ಕೇಳಿದ.

"ಬರುತ್ತೆ. ಆದ್ರೆ ಕತೆ ಬಹಳ ಉದ್ದ ಆಯ್ತು ಅಜ್ಜ. ಶುರುವಿನಲ್ಲಿ ಆ ನೀರು ಹುಡುಕೋದು ಯಾಕೆ? ತೆಗೆದುಬಿಡು."

ಬೋರಜ್ಜ ತೆಗೆದುಬಿಟ್ಟ. ಲೈಕು ಹೆಚ್ಚಿದವು.

"ತಾಯಿ ಸತ್ತ ಮೇಲಿನದೂ ಬೇಡ. ಅಳೋದನ್ನ ಯಾರು ನೋಡ್ತಾರೆ? ಬೆರಳಲ್ಲಿ ತಳ್ಳಿ ಮುಂದೆ ಹೋಗ್ತಾರೆ."

ಬೋರಜ್ಜನಿಗೆ ಮನಸ್ಸು ಬರಲಿಲ್ಲ. "ಅದೇ ಕತೆಯ ಜೀವ ಕಣೋ," ಎಂದ. ಆದರೆ ಕಣ್ಣು ಪರದೆಯ ಮೇಲೇ ಇತ್ತು. ಅದನ್ನೂ ಬಿಟ್ಟ.

ಕೊನೆಗೆ ಉಳಿದದ್ದು ಎರಡು ಕಾಲ ಮೇಲೆ ಎದ್ದು ಒಂದು ಗರ್ಜನೆ, ಜೊತೆಗೆ ಕೆಂಚ ಹೇಳಿಕೊಟ್ಟ ಒಂದು ಕುಣಿತ. ಈಗ ಲೈಕು ಮಳೆಯಂತೆ ಸುರಿದವು. ಬೋರಜ್ಜ ದಿನವಿಡೀ ಅದನ್ನೇ ಕುಣಿದ. ಅಷ್ಟರಲ್ಲಿ ನವಿಲಿಗೂ ಮುಳ್ಳುಹಂದಿಗೂ ಎಲ್ಲೆಲ್ಲೋ ಮೊಬೈಲು ಸಿಕ್ಕಿದ್ದವು. ಅವರವರ ಪೊದೆಯಲ್ಲಿ ಅವರವರು ತಲೆ ಬಗ್ಗಿಸಿ ಕೂತರು. ಸಂಜೆ ಕೊಳದ ದಂಡೆಗೆ ಯಾರೂ ಬರಲಿಲ್ಲ.

ಹೊನ್ನಿ ಎಂಬ ಜಿಂಕೆ ಮಾತ್ರ ಒಂದು ಸಂಜೆ ತನ್ನ ಮರಿ ಚುಕ್ಕಿಯನ್ನು ಕರೆದುಕೊಂಡು ಬಂದಳು.

"ಬೋರಜ್ಜ, ಆನೆಮರಿ ಕತೆಯನ್ನ ಪೂರ್ತಿ ಹೇಳ್ತೀಯಾ? ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಇವಳೂ ಕೇಳಲಿ ಅಂತ ಆಸೆ."

"ನೀವಿಬ್ಬರೇನಾ?" ಎಂದು ಬೋರಜ್ಜ ಸುತ್ತ ನೋಡಿದ. "ಇಬ್ಬರಿಗೆ ಏನಂತ ಹೇಳಲಿ ಹೊನ್ನಿ? ಕೆಂಚ ಕಾಯ್ತಾ ಇದ್ದಾನೆ. ಮೊಬೈಲಲ್ಲಿ ಇದೆ, ನೋಡಿಕೊಳ್ಳಿ."

ಹೊನ್ನಿ ಮರಿಯನ್ನು ಕರೆದುಕೊಂಡು ಹಿಂದಿರುಗಿದಳು. ದಾರಿಯಲ್ಲಿ ತನಗೆ ನೆನಪಿದ್ದಷ್ಟನ್ನು ಹೇಳಿದಳು. ತಾಯಾನೆ ಸತ್ತಲ್ಲಿಗೆ ಅವಳ ನೆನಪು ನಿಂತಿತು. "ಮುಂದಿನದು ಬಹಳ ಚೆನ್ನಾಗಿದೆ ಕಂದಾ. ಅದನ್ನ ಅಜ್ಜನೇ ಹೇಳಬೇಕು," ಎಂದಳು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಸೀಳುನಾಯಿಗಳ ಗುಂಪು ಜಿಂಕೆಗಳ ಮೇಲೆ ಬಿತ್ತು. ಹೊನ್ನಿ ಮರಿಯನ್ನು ಪೊದೆಯೊಳಗೆ ತಳ್ಳಿ, ತಾನು ಬಯಲಿಗೆ ಓಡಿದಳು. ನಾಯಿಗಳು ಅವಳ ಹಿಂದೆ ಹೋದವು. ಅವಳು ಮತ್ತೆ ಬರಲಿಲ್ಲ.

ಚುಕ್ಕಿ ಹುಲ್ಲು ಮುಟ್ಟಲಿಲ್ಲ, ನೀರು ಕುಡಿಯಲಿಲ್ಲ. ಹಿಂಡಿನವರು ಎಷ್ಟು ಸಮಾಧಾನ ಮಾಡಿದರೂ ಮಾತಾಡಲಿಲ್ಲ. ನವಿಲು ಮೊಬೈಲು ತಂದು ಬೋರಜ್ಜನ ಕುಣಿತ ತೋರಿಸಿತು. ಚುಕ್ಕಿ ಮುಖ ತಿರುಗಿಸಿತು. ಆಮೇಲೆ ತಾನಾಗಿಯೇ ಎದ್ದು ಕೊಳದ ಕಡೆ ನಡೆಯಿತು.

"ಅಜ್ಜ, ತಾಯಿ ಸತ್ತ ಮೇಲೆ ಆನೆಮರಿ ಏನು ಮಾಡಿತು?" ಎಂದು ಕೇಳಿತು.

ಬೋರಜ್ಜ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. "ಬಾ ಮಗಳೇ, ಕೂತ್ಕೋ. ಹೇಳ್ತೀನಿ," ಎಂದ. ಗಂಟಲು ಸರಿಮಾಡಿಕೊಂಡ. "ಆನೆಮರಿ... ಆನೆಮರಿ ತಾಯಿಯ ಪಕ್ಕ ನಿಂತಿತ್ತು. ಆಗ..."

ಆಗ ಏನು? ಬೋರಜ್ಜ ನೆನೆದ. ಕಣ್ಣು ಮುಚ್ಚಿ ನೆನೆದ. ಬಾಯಿ ತೆರೆದರೆ ಗರ್ಜನೆ ಮಾತ್ರ ಬರುತ್ತಿತ್ತು. ಕಾಲುಗಳು ಕುಣಿಯಲು ಎದ್ದವು. ಚುಕ್ಕಿ ಬೆದರಿ ಹಿಂದೆ ಸರಿಯಿತು.

"ಕೆಂಚಾ! ಮೊದಲನೇ ವಿಡಿಯೋದಲ್ಲಿ ಪೂರ್ತಿ ಕತೆ ಇತ್ತಲ್ಲ, ತಾರೋ!" ಎಂದು ಬೋರಜ್ಜ ಕೂಗಿದ.

ಕೆಂಚ ಮರದಿಂದ ಇಳಿದು ಬಂದ. ಅವನ ಮುಖ ಸಪ್ಪಗಿತ್ತು. "ಅದನ್ನ ಯಾರೂ ನೋಡ್ತಿರಲಿಲ್ಲ ಅಜ್ಜ. ಜಾಗ ಸಾಲದೆ ಅಳಿಸಿಬಿಟ್ಟೆ. ನಿನಗೆ ಬಾಯಿಪಾಠ ಇದೆಯಲ್ಲ ಅಂದ್ಕೊಂಡೆ."

ಬೋರಜ್ಜ ಆಮೆಯನ್ನು ಕೇಳಿದ. "ನೀನಿದ್ದೀಯಲ್ಲ ಅಂತ ನಾವು ಯಾರೂ ನೆನಪಿಟ್ಟುಕೊಳ್ಳಲಿಲ್ಲ ಬೋರಾ," ಎಂದಿತು ಆಮೆ.

ಚುಕ್ಕಿ ಇನ್ನೂ ಕಾಯುತ್ತಲೇ ಇತ್ತು. ಬೋರಜ್ಜ ತಲೆ ತಗ್ಗಿಸಿದ.

"ನನಗೆ ಮರೆತುಹೋಗಿದೆ ಮಗಳೇ."

ಚುಕ್ಕಿ ಮುದುಕನ ಕಣ್ಣಲ್ಲಿ ನೀರು ಕಂಡು ಹತ್ತಿರ ಬಂದು, "ಹೋಗಲಿ ಬಿಡಜ್ಜ. ಅಳಬೇಡ," ಎಂದಿತು. ಆಮೇಲೆ ಹಿಂಡಿನ ಕಡೆ ನಡೆದುಹೋಯಿತು.

ಬೋರಜ್ಜ ಮತ್ತೆ ಕುಣಿಯಲಿಲ್ಲ. ದಿನಾ ದಂಡೆಯಲ್ಲಿ ಕೂತು ಕತೆಯನ್ನು ಕೂಡಿಸಲು ನೋಡಿದ. ಒಂದು ಮಾತು ಸಿಕ್ಕರೆ ಮುಂದಿನದು ಸಿಗುತ್ತಿರಲಿಲ್ಲ. ಮಳೆ ಬಿದ್ದ ಮೇಲೆ ಜಿಂಕೆಗಳ ಹಿಂಡು ಎಳೆಹುಲ್ಲು ಹುಡುಕಿಕೊಂಡು ಗುಡ್ಡ ಹತ್ತಿತು. ಎಲ್ಲರಿಗಿಂತ ಹಿಂದೆ, ಒಂದಿಷ್ಟು ದೂರ ಬಿಟ್ಟು, ಚುಕ್ಕಿ ಒಂಟಿಯಾಗಿ ನಡೆಯುತ್ತಿತ್ತು. ಅದು ಕಣ್ಮರೆಯಾಗುವವರೆಗೂ ಬೋರಜ್ಜ ನೋಡುತ್ತ ನಿಂತಿದ್ದ.

ನೀತಿ: ಮೆಚ್ಚುಗೆಯ ಆಸೆಗೆ ತನ್ನ ಕಲೆಯನ್ನು ಕತ್ತರಿಸುತ್ತ ಹೋದವನ ಬಳಿ, ಅದು ನಿಜವಾಗಿ ಬೇಕಾದವರು ಬಂದಾಗ ಕೊಡಲು ಏನೂ ಉಳಿದಿರುವುದಿಲ್ಲ.