ಎರಡು ಗುಂಪಿನ ಏರಿ

ಊರ ಕೆರೆಯ ಏರಿ ಒಡೆದಿತ್ತು. ಮಳೆಗಾಲಕ್ಕೆ ಮೊದಲು ಅದನ್ನು ಕಟ್ಟಿಸಿಕೊಡಬೇಕೆಂದು ಅರಸರು ಹೊಳೆದಂಡೆಯ ಆಶ್ರಮವನ್ನು ಕೇಳಿಕೊಂಡರು. ಗುರುಗಳು ಶಿಷ್ಯ ಮುರಿಗೆಪ್ಪನನ್ನು ಕಳಿಸಿದರು. ಏರಿಯ ಕೆಳಗೇ ಮನೆಗಳಿದ್ದವು.

ಅರಮನೆ ಕೊಟ್ಟ ಆಳುಗಳಲ್ಲಿ ಕೆಲವರು ಕಪ್ಪು ಮಣ್ಣಿನ ಎರೆಭೂಮಿಯವರು, ಕೆಲವರು ಕರಾವಳಿಯವರು. ಮಣ್ಣಿಗೆ ಸಣ್ಣ ಕಲ್ಲಿನ ಗರಸು ಬೆರೆಸಬೇಕೆಂದು ಎರೆಭೂಮಿಯವರು, ಬೆರೆಸಬಾರದೆಂದು ಕರಾವಳಿಯವರು. ಊಟಕ್ಕೆ ಜೋಳವೋ ಕುಚ್ಚಲಕ್ಕಿಯೋ ಎಂಬುದಕ್ಕೂ ಮಾತು ಬೆಳೆಯುತ್ತಿತ್ತು. ಕೆಲಸ ಸಾಗಲಿಲ್ಲ.

ಮುರಿಗೆಪ್ಪ ಏರಿಯ ನಡುವೆ ಒಂದು ಗೂಟ ನೆಟ್ಟ. ಎಡಕ್ಕೆ ಎರೆಭೂಮಿಯವರು, ಬಲಕ್ಕೆ ಕರಾವಳಿಯವರು. ಒಲೆಯೂ ಬೇರೆ. ಜಗಳ ನಿಂತಿತು. ಏರಿ ಬೇಗ ಎದ್ದಿತು.

ಮೊದಲ ಮಳೆಗೆ ಕೆರೆಗೆ ಅಷ್ಟಿಷ್ಟು ನೀರು ಬಂತು. ಏರಿ ಸೋರತೊಡಗಿತು, ಸರಿಯಾಗಿ ಗೂಟ ನೆಟ್ಟ ಕಡೆ.

ಸುದ್ದಿ ತಿಳಿದು ಗುರುಗಳು ಬಂದರು. ಎರಡೂ ಕಡೆಯ ಏರಿಯನ್ನು ಮುಟ್ಟಿ ನೋಡಿದರು. ಎರಡೂ ಗಟ್ಟಿಯಾಗಿದ್ದವು.

ಸೋರುವ ಜಾಗ ಯಾರದ್ದು ಎಂದು ಕೇಳಿದರು. ನಮ್ಮದಲ್ಲ ಎಂದರು ಎಡದವರು. ನಮ್ಮದೂ ಅಲ್ಲ ಎಂದರು ಬಲದವರು.

ಮುರಿಗೆಪ್ಪ ಗುರುಗಳ ಬಳಿ ಬಂದ.

"ಕೂಡಿಸಿದರೆ ಕೆಲಸ ಆಗುವುದಿಲ್ಲ. ಬೇರೆ ಮಾಡಿದರೆ ನೀರು ನಿಲ್ಲುವುದಿಲ್ಲ. ನಾನು ಏನು ಮಾಡಲಿ, ಗುರುಗಳೇ?"

"ಗರಸಿನ ವಿಷಯದಲ್ಲಿ ಯಾರ ಮಾತು ಸರಿ?"

"ಕೇಳಲಿಲ್ಲ. ಸುಮ್ಮನಾಗಿಸಿದೆ."

ಗುರುಗಳು ಗೂಟ ಕೀಳಿಸಿದರು. ತೂಬು ತೆರೆಸಿ ನೀರು ತಗ್ಗಿಸಿ, ಸೋರುವ ಜಾಗವನ್ನು ಅಗೆಸಿ, ಎಡದಿಂದ ಕೆಂಚವ್ವನನ್ನೂ ಬಲದಿಂದ ಐತಪ್ಪನನ್ನೂ ಗುಂಡಿಗೆ ಇಳಿಸಿದರು. ಅವರವರ ಗುಂಪಿನಲ್ಲಿ ಅವರದೇ ಬಾಯಿ ಜೋರು.

"ಸಮುದ್ರದ ದಂಡಿಯಾಗ ಉಸುಕು ಬಿಟ್ರ ಮಣ್ಣು ಕಂಡೀಯೇನಪ್ಪಾ ನೀ?" ಎಂದಳು ಕೆಂಚವ್ವ. "ಗರಸು ಹಾಕದಿದ್ರ ಎರಿಮಣ್ಣು ಬ್ಯಾಸಿಗ್ಯಾಗ ಬಿರೀತೈತಿ."

"ನಿಮ್ಮಲ್ಲಿ ಮಳೆ ಉಂಟಾ ಅಕ್ಕ?" ಎಂದ ಐತಪ್ಪ. "ಏರಿ ಸೋರುವುದು ನೋಡಿದವರು ನಾವು. ಗರಸು ಹೆಚ್ಚಾದಲ್ಲೇ ನೀರು ನುಗ್ಗುವುದು."

ಬೈಯುತ್ತಲೇ ಕೆಂಚವ್ವ ಗರಸು ಬೆರೆಸಿದ ಒಂದು ಹಿಡಿ ಮಣ್ಣನ್ನು ಅವನ ಅಂಗೈಗೆ ಹಾಕಿದಳು. ಅವನು ಹಿಸುಕಿ ನೋಡಿದ. ಇನ್ನಷ್ಟು ಎರೆಮಣ್ಣು ಬೇಕೆಂದ. ಅವಳು ಬೇಡವೆಂದಳು, ಆದರೂ ಕೊಟ್ಟಳು. ಇಬ್ಬರ ಧ್ವನಿಯೂ ಇಳಿಯಲಿಲ್ಲ.

ಮುರಿಗೆಪ್ಪ ಬಿಡಿಸಲು ಓಡಿದ. ಗುರುಗಳು ಅವನ ಹೆಗಲ ಮೇಲಿನ ವಸ್ತ್ರ ಹಿಡಿದು ನಿಲ್ಲಿಸಿದರು.

"ಮತ್ತೆ ಅದೇ ಜಗಳವಲ್ಲವೇ, ಗುರುಗಳೇ?"

"ಜಗಳವೇ. ನಿಂತಿರುವುದು ಮಾತ್ರ ಇಬ್ಬರೂ ಒಂದೇ ಗುಂಡಿಯಲ್ಲಿ."